ದೊಡ್ಡಮ್ಮನ ಜಪಾನಿ ಮಾಣಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಲಗುವ ಮೊದಲು ನಾಲ್ಕು ಸಾಲು ಗೀಚುವ ಅಭ್ಯಾಸ ನನಗಿರುವುದು ನಿಜ. ಆದರೆ ಭಾನುವಾರ ನಡೆದದ್ದನ್ನು ಬುಧವಾರ ಬರೆದರೆ, ಅದರಲ್ಲಿ ನಡೆದದ್ದೆಷ್ಟು, ನಾನು ಚಂದಗಾಣಿಸಿದ್ದೆಷ್ಟು? ಅಂದು ದೊಡ್ಡಮ್ಮ ಉಟ್ಟದ್ದು ಹಸಿರು ಸೀರೆಯೋ ನೀಲಿಯೋ ಎಂದು ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಒಂದು ವಿಷಯಕ್ಕೆ ಮಾತ್ರ ಯಾವ ದೇವಸ್ಥಾನದಲ್ಲಿ ಬೇಕಾದರೂ ಆಣೆ ಹಾಕಿಯೇನು. ಎಪ್ಪತ್ತು ದಾಟಿದ, ಮಂಡಿನೋವಿನ, ಒಂದೂ ಏಕಾದಶಿ ತಪ್ಪಿಸದ ನನ್ನ ದೊಡ್ಡಮ್ಮ ಜಪಾನಿನ ಹುಡುಗನೊಬ್ಬನ ಆಯುಷ್ಯಕ್ಕಾಗಿ ಹರಕೆ ಹೊತ್ತರು. ಆ ಹುಡುಗ ಜಪಾನಿನಲ್ಲೂ ಇಲ್ಲ, ಭೂಮಿಯ ಮೇಲೆ ಎಲ್ಲೂ ಇಲ್ಲ. ಅವನು ಅನಿಮೆಯವನು. ಅಂದರೆ, ಜಪಾನಿನವರು ಬರೆದ ಚಿತ್ರ!

ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಉಡುಪಿ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವರು. ದೊಡ್ಡಪ್ಪ ಅಲ್ಲೊಂದು ಹೋಟೆಲಿನ ಗಲ್ಲೆಯಲ್ಲಿ ಕೂತು ಕೂತೇ ಮುದುಕರಾಗಿ ತೀರಿಕೊಂಡರು. ಈಗ ದೊಡ್ಡಮ್ಮ ಠಾಕುರ್ಲಿಯಲ್ಲಿ, ಮಗ, ಸೊಸೆ, ಮೊಮ್ಮಗಳು ರಿಯಾಳ ಜೊತೆ ಇದ್ದಾರೆ. ನಾನು ನೆರೂಳದವಳು. ಭಾನುವಾರ ಠಾಣೆಯಲ್ಲಿ ಗಾಡಿ ಬದಲಾಯಿಸಿ, ಸ್ಲೋ ಲೋಕಲಿನಲ್ಲಿ ನಿಂತುಕೊಂಡೇ ಅಲ್ಲಿಗೆ ಹೋಗುತ್ತೇನೆ. ಪ್ರೀತಿಯಿಂದಲೇ ಹೋಗುತ್ತೇನೆ. ಅವರ ಕೈಯ ಕೊತ್ತಂಬರಿ ಸಾರೂ ಆ ಪ್ರೀತಿಯೊಳಗೇ ಬರುತ್ತದೆ.

ಆ ಕಟ್ಟಡದಲ್ಲಿ ದೊಡ್ಡಮ್ಮ ಸಿಟ್ಟಿಗೆ ಹೆಸರುವಾಸಿ. ಲಿಫ್ಟಿನೊಳಗೆ ಅವರು ಕಂಡರೆ ಸೊಸೈಟಿಯ ಸೆಕ್ರೆಟರಿ "ಡಾಕ್ಟರು ನಡೆಯಲು ಹೇಳಿದ್ದಾರೆ" ಎಂದು ಏಳು ಮಹಡಿ ಹತ್ತಿಬಿಡುತ್ತಾರೆ. ವಾಚ್‌ಮನ್ ಮಾತ್ರ ಓಡಿಹೋಗುವಂತಿಲ್ಲ, ಸಂಬಳದವನು. "ಯಾಕೆ ದೊಡ್ಡಮ್ಮ ಇಷ್ಟು ಸಿಟ್ಟು?" ಎಂದು ನಾನೊಮ್ಮೆ ಕೇಳಿದ್ದೆ. "ನನಗೆಲ್ಲಿ ಸಿಟ್ಟು ಮಾರಾಯ್ತಿ? ನನ್ನ ಸ್ವರವೇ ಹೀಗೆ!" ಎಂದರು. ಆ ಉತ್ತರಕ್ಕೆ ಬಾಲ್ಕನಿಯಲ್ಲಿದ್ದ ಪಾರಿವಾಳಗಳೆಲ್ಲ ಎದ್ದು ಕಲ್ಯಾಣದ ಕಡೆ ಹಾರಿಹೋದವು.

ಇಂಥವರಿಗೆ ಜಪಾನಿನ ನಂಟು ಹೇಗೆ ಅಂಟಿತು? ರಿಯಾ ಒಂಬತ್ತನೇ ಕ್ಲಾಸು. ಶಾಲೆಯಿಂದ ಬಂದವಳೇ ಚೀಲ ಬಿಸಾಡಿ ಟೀವಿ ಮುಂದೆ ಕೂರುತ್ತಾಳೆ. ಒಂದು ಸಂಜೆ ಅದನ್ನು ನಿಲ್ಲಿಸಲೆಂದೇ ದೊಡ್ಡಮ್ಮ ಸೌಟು ಹಿಡಿದು ಹೊರಬಂದರಂತೆ. ಬೈಯಲು ಬಾಯಿ ತೆರೆದರು. ಪರದೆಯ ಮೇಲೆ ಒಬ್ಬ ಹುಡುಗ ಅವರಿಗಿಂತ ಮೊದಲೇ ಬಾಯಿ ತೆರೆದು ಅವರಿಗಿಂತ ಜೋರಾಗಿ ಕಿರುಚಿದ. ತಮ್ಮ ಸರಿಸಮಾನರೊಬ್ಬರನ್ನು ಅವರು ಮೊದಲ ಸಲ ಕಂಡದ್ದಿರಬೇಕು. ಸೌಟು ಕೈಯಲ್ಲೇ ಇತ್ತು, ಸೋಫಾದ ತುದಿಯಲ್ಲಿ ಕೂತರು. ಒಲೆಯ ಮೇಲಿನ ಹುಳಿ ತಳ ಹಿಡಿಯಿತು.

ಕತೆ ಇಷ್ಟು. ಒಂದು ಕೋಟೆ, ಅದಕ್ಕೊಬ್ಬ ದೊರೆ. ದೊರೆಗೊಬ್ಬ ಮಗ, ಅಂಗೈಯಿಂದ ಹೊಗೆ ಬರುವವನು. ಯಾರಾದರೂ ಕರೆದರೆ ಸಾಕು, ಸಿಡಿದೇಳುತ್ತಾನೆ, ಗುಡಿಸಲಿಗೆ ಬೆಂಕಿ ಹಚ್ಚುತ್ತಾನೆ. ಊರಿಗೆಲ್ಲ ಅವನು ರಾಕ್ಷಸ. ಅವನನ್ನು ಕೊಲ್ಲಲು ಹೊರಟ ಒಳ್ಳೆಯ ಹುಡುಗನೊಬ್ಬನೂ ಇದ್ದಾನೆ, ಕೊರಳಿಗೆ ನೀಲಿ ವಸ್ತ್ರ ಸುತ್ತಿಕೊಂಡವನು. ರಿಯಾ ನೀಲಿ ವಸ್ತ್ರದವನ ಪಕ್ಷ. ದೊಡ್ಡಮ್ಮ ಹೊಗೆಯವನ ಪಕ್ಷ. ಅವನಿಗೆ ಅವರಿಟ್ಟ ಹೆಸರು 'ಮಾಣಿ'. ನಮ್ಮ ಕಡೆ ಹುಡುಗನಿಗೂ ಮಾಣಿ ಎನ್ನುತ್ತಾರೆ, ಹೋಟೆಲಿನಲ್ಲಿ ಇಡ್ಲಿ ತಂದುಕೊಡುವವನಿಗೂ ಮಾಣಿಯೇ.

ಮಾತೆಲ್ಲ ಜಪಾನಿ. ಕೆಳಗೆ ಇಂಗ್ಲಿಷ್ ಅಕ್ಷರಗಳು ಫಾಸ್ಟ್ ಲೋಕಲಿನ ಹಾಗೆ ಹೋಗುತ್ತವೆ, ದೊಡ್ಡಮ್ಮನ ಸ್ಟೇಶನ್ನಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಅವರು ಮಾತನ್ನೆಲ್ಲ ತಾವೇ ಕನ್ನಡದಲ್ಲಿ ಹೇಳಿಕೊಳ್ಳುತ್ತಾರೆ.

"ನೋಡು, 'ನನಗೆ ಈ ಅರಮನೆ ಬೇಡ, ಗಂಜಿ ಸಾಕು' ಅಂತಿದ್ದಾನೆ."

"ಅಜ್ಜೀ! ಉಸ್‌ನೆ ಐಸಾ ಬೋಲಾ ಹೀ ನಹೀ!" ಅವನು ಹಾಗೆ ಹೇಳಲೇ ಇಲ್ಲವೆಂದು ರಿಯಾಳ ಗೋಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. "ವೋ ತೋ 'ಸಬ್‌ಕೋ ಜಲಾ ದೂಂಗಾ' ಬೋಲಾ."

"ಬಾಯಲ್ಲಿ ಸುಡ್ತೇನೆ ಅಂದ. ಕಣ್ಣಲ್ಲಿ ಗಂಜಿ ಅಂದ. ನಿನಗೆ ಕಣ್ಣು ಓದ್ಲಿಕ್ಕೆ ಬರುದಿಲ್ಲ, ಅಕ್ಷರ ಮಾತ್ರ ಬರ್ತದೆ."

ಇಂಥ ಪ್ರೇಕ್ಷಕಿಯ ಜೊತೆ ಯಾರು ವಾದಿಸುತ್ತಾರೆ?

ವಾದಿಸಿದವರು ಎದುರುಮನೆಯ ಜೋಶಿ ಕಾಕು. ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಪಾಪ, ವಾದಿಸಲೂ ಇಲ್ಲ. ಬಟ್ಟಲಲ್ಲಿ ಸಾಬೂದಾಣೆ ಖಿಚಡಿ ಕೊಡಲು ಬಂದವರು, ಗುಡಿಸಲು ಉರಿಯುವುದನ್ನು ಕಂಡು "ಅಗೋಬಾಯಿ, ಎಂಥಾ ಕೆಟ್ಟ ಹುಡುಗ!" ಎಂದು ಮರಾಠಿಯಲ್ಲಿ ಒಂದು ಉದ್ಗಾರ ತೆಗೆದು ಹೋದರು. ಅಷ್ಟೇ! ಆ ಎರಡು ಮನೆಗಳ ನಡುವೆ ವರ್ಷಗಳಿಂದ ಬಟ್ಟಲುಗಳು ಓಡಾಡುತ್ತಿದ್ದವು, ಒಂದೂ ಖಾಲಿಯಾಗಿ ಹಿಂತಿರುಗಿದ್ದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರುತ್ತಿತ್ತು. ಮರುದಿನ ಕಾಕುವಿನ ಬಟ್ಟಲು ಹಿಂದಕ್ಕೆ ಹೋಯಿತು. ತೊಳೆದು, ಒರೆಸಿ, ಫಳಫಳ ಹೊಳೆಯುತ್ತ, ಖಾಲಿಯಾಗಿ!

ಕಾಕುವಿಗೆ ಕಣ್ಣಲ್ಲಿ ನೀರು. ಆ ಭಾನುವಾರ ನಾನು ಹೋದಾಗ ಬಾಗಿಲಲ್ಲೇ ನನ್ನನ್ನು ಹಿಡಿದರು, "ನನ್ನಿಂದೇನು ತಪ್ಪಾಯಿತು?" ಕೊನೆಗೆ ವಿಷಯ ತಿಳಿದು, ಅವರು ದೊಡ್ಡಮ್ಮನ ಎದುರು ನಿಂತು, ಟೀವಿಯ ಕಡೆ ಕೈ ತೋರಿಸಿ, "ಮುಲಗಾ ಚಾಂಗ್ಲಾ ಆಹೆ, ಹುಡುಗ ಒಳ್ಳೆಯವನು" ಎಂದು ಎರಡೂ ಭಾಷೆಯಲ್ಲಿ ಒಪ್ಪಿಕೊಂಡ ಮೇಲೆ ಬಟ್ಟಲು ತುಂಬ ಗೋಳಿಬಜೆ ಹೋಯಿತು. ಬೆಂಕಿ ಹಚ್ಚುವವನಿಗೆ ಇಂಥ ವಕೀಲರು ಸಿಕ್ಕರೆ ಯಾವ ಕೋರ್ಟು ಶಿಕ್ಷೆ ಕೊಟ್ಟೀತು?

ನಾನು ಸುಮ್ಮನಿರಬೇಕಿತ್ತು. ಆದರೆ ಎಂ.ಎ. ಓದಿದ ನಾಲಿಗೆ, ಸುಮ್ಮನಿರುತ್ತದೆಯೇ? "ದೊಡ್ಡಮ್ಮ, ಇದು ಅಸ್ಮಿತೆಯ ಬಿಕ್ಕಟ್ಟು. ಅಧಿಕಾರದ ಎದುರು ವ್ಯಕ್ತಿಯ..." ಎಂದು ಶುರು ಮಾಡಿದೆ.

"ನಿನಗೆ ಓದಿದ್ದು ಜಾಸ್ತಿಯಾಯ್ತು. ಇಲ್ಲಿ ಕೂತುಕೋ. ರಿಯಾ, ಹಿಂದೆ ಹಾಕು."

ರಿಯಾ ಹಿಂದೆ ಹಾಕಿದಳು. ಕೋಟೆಯ ಮೆಟ್ಟಿಲಲ್ಲಿ ದೊರೆ ಮಗನನ್ನು ಕರೆಯುತ್ತಾನೆ. ಮಗ ತಿರುಗುತ್ತಾನೆ.

"ಕಂಡಿತಾ?"

"ಏನು?"

"ಮತ್ತೆ ಹಾಕು."

ಮತ್ತೆ ಕರೆದ, ಮತ್ತೆ ತಿರುಗಿದ. ಇನ್ನೊಮ್ಮೆ. ನಾನು ಕನ್ನಡಕ ಒರೆಸಿಕೊಂಡೆ.

"ಕರೆದ ಮೇಲೆ ಒಂಚೂರು ತಡ ಮಾಡಿ ತಿರುಗ್ತಾನೆ. ಪ್ರತಿ ಸಲ. ಎಲ್ಲರೂ ಅದಕ್ಕೆ ಸೊಕ್ಕು ಅಂತಾರೆ. ಸೊಕ್ಕಲ್ಲ ಅದು. 'ಓ, ನನ್ನನ್ನಾ ಕರೆದದ್ದು' ಅಂತ ಅವನಿಗೆ ನೆನಪಾಗ್ಬೇಕು. ಅದು ಅವನ ಹೆಸರಲ್ಲ ಮಾರಾಯ್ತಿ! ಸ್ವಂತ ಹೆಸರಾದ್ರೆ ಯಾರಾದ್ರೂ ಹೀಗೆ ತಡ ಮಾಡ್ತಾರಾ? ನೋಡು ಬೇಕಾದ್ರೆ. ರಿಯಾ!"

ರಿಯಾ ಮೊಬೈಲಿನಿಂದ ತಲೆ ಎತ್ತಲಿಲ್ಲ.

"ರಿಯಾ!"

ಇಲ್ಲ.

"ಇವಳೂ ಆ ಕೋಟೆಯವಳೇ ಇರಬೇಕು," ಎಂದೆ ನಾನು. ದೊಡ್ಡಮ್ಮ ನನ್ನನ್ನು ಸುಡುವ ಹಾಗೆ ನೋಡಿ, ಮೆಲ್ಲಗೆ, ಬರೀ ಗಾಳಿಗೆ ಹೇಳಿದಂತೆ, "ಗೋಳಿಬಜೆ ಎರಡು ಉಳಿದಿದೆ" ಎಂದರು. ರಿಯಾ ತಿರುಗಿದ ವೇಗಕ್ಕೆ ಕುತ್ತಿಗೆ ಉಳುಕದ್ದು ನಮ್ಮ ಪುಣ್ಯ.

ಆ ದಿನ ನಕ್ಕು ಎದ್ದು ಬಂದೆ. ಅಂಗೈಯಲ್ಲಿ ಹೊಗೆ ಬಿಡುವ ಚಿತ್ರದ ಗೊಂಬೆ ಅರೆಕ್ಷಣ ತಡವಾಗಿ ತಿರುಗಿದರೆ ಅದು ಬರೆದವರ ಕೈ ತಪ್ಪಲ್ಲವೇ? ಹಾಗೆಂದು ನನ್ನನ್ನು ನಾನು ಒಪ್ಪಿಸಿಕೊಂಡೆ.

ಕೆಲವು ವಾರ ಕಳೆದು, ಒಂದು ಸಂಜೆ ರಿಯಾಳ ಫೋನು. ಅವಳು ಎಂದೂ ಫೋನು ಮಾಡುವವಳಲ್ಲ. "ಅತ್ತೆ, ಅಜ್ಜಿ ಸಹೀ ಥೀ!" ಎಂದು ಕಿರುಚುತ್ತಿದ್ದಾಳೆ. ಅಜ್ಜಿ ಹೇಳಿದ್ದೇ ಸರಿಯಂತೆ. ಕೊನೆಯದಕ್ಕೆ ಹಿಂದಿನ ಕಂತಿನಲ್ಲಿ ಗುಟ್ಟು ಬಯಲಾಯಿತು. ದೊರೆಯ ನಿಜವಾದ ಮಗ ಎಂದೋ ಸತ್ತಿದ್ದ. ದೊರೆ ಎಲ್ಲಿಂದಲೋ ಈ ಹುಡುಗನನ್ನು ಹಿಡಿದು ತಂದು, ಸತ್ತವನ ಅಂಗಿ ತೊಡಿಸಿ, ಸತ್ತವನ ಹೆಸರಿಟ್ಟಿದ್ದ. ಜಪಾನಿನವರು ಅಷ್ಟು ದಿನ ಬಚ್ಚಿಟ್ಟದ್ದನ್ನು ದೊಡ್ಡಮ್ಮ ಅವನ ಕುತ್ತಿಗೆ ತಿರುಗಿದ್ದರಲ್ಲೇ ಹಿಡಿದಿದ್ದರು!

ಗೆದ್ದ ಖುಷಿ ಇರಬೇಕಲ್ಲ? ಇಲ್ಲ. ಅದೇ ಕಂತಿನ ಕೊನೆಯಲ್ಲಿ ಊರವರೆಲ್ಲ ಪಂಜು ಹಿಡಿದು ಅವನನ್ನು ಮುಗಿಸಲು ಹೊರಟಿದ್ದರು. ಮುಂದಿನದು ಭಾನುವಾರ. ದೊಡ್ಡಮ್ಮನಿಗೆ ಊಟ ಸೇರದು. "ಸಾಯ್ಲಿ ಬಿಡಿ, ಕತೆ ಅಲ್ವಾ" ಎಂದ ಮಗನಿಗೆ ಎರಡು ದಿನ ಉಪ್ಪಿಲ್ಲದ ಸಾರು. "ಸತ್ರೆ ಸಾಯ್ಲಿ. ಆದ್ರೆ ಬೇರೆಯವನ ಹೆಸರಿನಲ್ಲಿ ಸಾಯ್ಬಾರ್ದು," ಎಂದು ನನಗೆ ಫೋನಿನಲ್ಲಿ ಹೇಳಿದರು. "ನಾಡಿದ್ದು ಬಾ. ಗಣಪತಿಗೆ ಅಪ್ಪದ ಸೇವೆ ಹೇಳಿಕೊಂಡಿದ್ದೇನೆ."

ಡೊಂಬಿವಲಿಯ ಆ ಚಿಕ್ಕ ದೇವಸ್ಥಾನದ ಭಟ್ಟರು ನಮ್ಮ ಕಡೆಯವರೇ. ತುಪ್ಪದಲ್ಲಿ ಕರಿದ ಅಪ್ಪ ಗಣಪತಿಯ ಮುಂದೆ ಸಿದ್ಧವಾಗಿತ್ತು. ಭಟ್ಟರು ಸಂಕಲ್ಪಕ್ಕೆ ಕೂತರು.

"ಯಾರ ಹೆಸರಿನಲ್ಲಿ ಅಮ್ಮ?"

"ಒಬ್ಬ ಮಾಣಿಯದ್ದು."

"ಹೆಸರು?"

"ಅದೇ ಗೊತ್ತಿಲ್ಲ."

"ನಕ್ಷತ್ರ, ಗೋತ್ರ?"

"ಅದೂ ಗೊತ್ತಿಲ್ಲ. ಜಪಾನಿನವ."

ಭಟ್ಟರ ಮುಖ ಅರಳಿತು. "ಹೋ, ಜಪಾನಿನಲ್ಲಿದ್ದಾನಾ! ಎಂತ ಕೆಲಸ?"

"ಬೆಂಕಿ ಹಚ್ಚುದು."

ಭಟ್ಟರು ನನ್ನ ಮುಖ ನೋಡಿದರು. ನಾನು ಗಣಪತಿಯ ಮುಖ ನೋಡಿದೆ. ಹಿಂದೆ ಸಾಲು ಬೆಳೆಯುತ್ತಿತ್ತು. ರಿಯಾ ಪಿಸುದನಿಯಲ್ಲಿ ಕತೆಯಲ್ಲಿ ಎಲ್ಲರೂ ಅವನನ್ನು ಕರೆಯುವ ಹೆಸರು ಹೇಳಿದಳು. ಭಟ್ಟರು ಬದುಕಿದೆ ಎಂದು ಅಕ್ಷತೆ ಎತ್ತಿದರು.

"ಬೇಡ!" ದೊಡ್ಡಮ್ಮನ ಸ್ವರಕ್ಕೆ ಗಂಟೆ ತಾನಾಗಿ ನಾದ ಕೊಟ್ಟಿತೆಂದು ನನ್ನ ನೆನಪು, ಇದನ್ನು ಮಾತ್ರ ನೀವು ನಂಬಬೇಕಾಗಿಲ್ಲ. "ಅದು ಸತ್ತವನ ಹೆಸರು. ಸತ್ತವನ ಹೆಸರು ಹೇಳಿ ಆಯುಷ್ಯ ಕೇಳಿದ್ರೆ ಅದು ಯಾರಿಗೆ ಹೋಗ್ತದೆ?"

ಶಾಸ್ತ್ರಕ್ಕೆ ಸರಿಯಾದ ಪ್ರಶ್ನೆಯೇ. ಭಟ್ಟರು ಅಕ್ಷತೆ ಕೆಳಗಿಟ್ಟರು. "ಹಾಗಾದ್ರೆ ನಿಮ್ಮ ಹೆಸರಿನಲ್ಲೇ ಮಾಡುವ ಅಮ್ಮ. ಅವನು ಎಲ್ಲಿದ್ರೂ ಮುಟ್ಟುತ್ತದೆ. ನಿಮ್ಮ ಹೆಸರು ಹೇಳಿ."

ದೊಡ್ಡಮ್ಮ ಬಾಯಿ ತೆರೆದರು. ಮುಚ್ಚಿದರು.

"ಯಾವುದು?" ಎಂದರು.

ತುಂಬ ಸಣ್ಣ ಸ್ವರದಲ್ಲಿ ಕೇಳಿದರು. ಅಂಥದ್ದೊಂದು ಸ್ವರ ಅವರಲ್ಲಿದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮರುಕ್ಷಣ ನಕ್ಕು, ನಾವೆಲ್ಲ ಬಲ್ಲ ಹೆಸರನ್ನೇ ಹೇಳಿದರು. "ಇದೇ ಆಗ್ಲಿ. ದೇವರಿಗೂ ಇದೇ ರೂಢಿಯಾಗಿದೆ."

ಹೊರಗಿನ ಕಟ್ಟೆಯ ಮೇಲೆ ಕೂತು ಅಪ್ಪ ತಿನ್ನುವಾಗ ರಿಯಾ ಬಿಡಲಿಲ್ಲ. "ಅಜ್ಜಿ, 'ಯಾವುದು' ಮತ್ಲಬ್?"

"ಎಂತ ಇಲ್ಲ ಮಗಾ. ಮದುವೆಗೆ ಜಾತಕ ನೋಡಿದ್ರಲ್ಲ, ನನ್ನ ಹೆಸರಿಗೂ ನಿನ್ನ ಅಜ್ಜನ ಹೆಸರಿಗೂ ಕೂಡಿ ಬರ್ಲಿಲ್ಲ. ಹುಡುಗನನ್ನು ಬದಲಾಯಿಸುದಕ್ಕಿಂತ ಹುಡುಗಿಯ ಹೆಸರು ಬದಲಾಯಿಸುದು ಸುಲಭ ಅಂದ್ರು ಪುರೋಹಿತರು." ಬೆರಳಿನ ತುಪ್ಪ ಒರೆಸಿಕೊಂಡರು. "ಇಲ್ಲಿಗೆ ಬಂದ ಹೊಸತರಲ್ಲಿ ಒಳಗೆ ಕಾಯಿ ತುರೀತಾ ಕೂತಿರ್ತಿದ್ದೆ. ಹೊರಗಿನಿಂದ ಹೊಸ ಹೆಸರು ಹಿಡಿದು ಕರೀತಿದ್ರು. ಯಾರನ್ನೋ ಕರೀತಿದ್ದಾರೆ ಅಂತ ನಾನು ನನ್ನಷ್ಟಕ್ಕೆ ತುರೀತಾ ಇರುದು. ಸೊಸೆಗೆ ಸೊಕ್ಕು ಅಂದ್ರು. ಅದಕ್ಕೆ ಮತ್ತೆ ಯಾರು ಎಂತ ಕರೆದ್ರೂ ಕೂಡ್ಲೇ 'ಏನೂ!' ಅಂತ ಜೋರಾಗಿ ಹೇಳ್ಲಿಕ್ಕೆ ಶುರು ಮಾಡಿದೆ. ಆಗ ಸಿಟ್ಟು ಅಂದ್ರು." ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ವರ್ಷ ಹೇಳಿಕೊಂಡ ಹರಕೆಯೆಲ್ಲ ಯಾರ ಪಾಲಿಗೆ ಹೋಯ್ತೋ ಏನೋ!"

ನಾವೂ ನಕ್ಕೆವು. ನನ್ನ ನಗು ಸ್ವಲ್ಪ ಬೇಗ ನಿಂತಿತು.

ಭಾನುವಾರ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೋಶಿ ಕಾಕು ಚಕ್ಕಲಿ ತಂದಿದ್ದರು. ಊರವರು ಪಂಜು ಎತ್ತಿದಾಗ ಕಾಕು ಎದ್ದುನಿಂತು ಅವರನ್ನು ಮರಾಠಿಯಲ್ಲಿ ಬೈದರು. ನೀಲಿ ವಸ್ತ್ರದ ಹುಡುಗ ಕತ್ತಿ ಎತ್ತಿ, ಯಾಕೋ ಇಳಿಸಿದ. ಮಾಣಿಯ ಅಂಗೈಯ ಹೊಗೆ ನಿಂತಿತು. ಅವನು ಕೋಟೆಯ ಬಾಗಿಲು ದಾಟಿ ನಡೆದ. ಹಿಂದಿನಿಂದ ದೊರೆ ಆ ಹೆಸರು ಹಿಡಿದು ಕರೆದ, ಮತ್ತೆ ಮತ್ತೆ ಕರೆದ. ಮಾಣಿ ತಿರುಗಲೇ ಇಲ್ಲ. ಹೋದ! ದೊಡ್ಡಮ್ಮ ಚಪ್ಪಾಳೆ ತಟ್ಟಿದ್ದು ಸ್ಟೇಶನ್ನಿಗೆ ಕೇಳಿಸಿರಬೇಕು.

"ನೋಡಿದ್ಯಾ? ಅಪ್ಪದ ಸೇವೆ ಸಂದಿತು!"

"ಅಜ್ಜಿ, ಯೇ ದೋ ಸಾಲ್ ಪೆಹಲೇ ಬನಾ ಹೈ," ಎಂದಳು ರಿಯಾ, ಮೂಗು ಒರೆಸಿಕೊಳ್ಳುತ್ತ. ಜಪಾನಿನಲ್ಲಿ ಅದು ತಯಾರಾಗಿ ಎರಡು ವರ್ಷವಾಗಿತ್ತಂತೆ.

"ನಾನು ಹರಕೆ ಹೊರ್ತೇನೆ ಅಂತ ದೇವರಿಗೆ ಎರಡು ವರ್ಷ ಮೊದಲೇ ಗೊತ್ತಿರುದಿಲ್ವಾ?"

ಕಾಕು ಹೋದರು. ರಿಯಾ ಚಕ್ಕಲಿಯ ಪುಡಿ ಗುಡಿಸುತ್ತಿದ್ದಳು. ಟೀವಿಯಲ್ಲಿ ಜಪಾನಿ ಅಕ್ಷರಗಳು ಸಾಲುಸಾಲಾಗಿ ಮೇಲೇರುತ್ತಿದ್ದವು, ದೊಡ್ಡಮ್ಮ ಅವನ್ನೂ ಓದುವವರಂತೆ ನೋಡುತ್ತಿದ್ದರು. ನನಗೆ ಹೊರಡುವ ಹೊತ್ತಾಗಿತ್ತು. ಚಪ್ಪಲಿ ಹಾಕಿಕೊಂಡವಳು ಮತ್ತೆ ಬಿಚ್ಚಿಟ್ಟು, ಅವರ ಪಕ್ಕ ಹೋಗಿ ಕೂತು ಕೇಳಿದೆ.

"ದೊಡ್ಡಮ್ಮ, ನಿಮ್ಮ ಅಮ್ಮ ನಿಮ್ಮನ್ನು ಏನೆಂದು ಕರೆಯುತ್ತಿದ್ದರು?"