ಮಾವನ ಲೈಸೆನ್ಸಿಗೆ ಅಡ್ಡಗಾಲು

ನಮ್ಮ ಸೋದರಮಾವನ ಕಾರು ಹತ್ತುವವರು ಬುತ್ತಿ ಕಟ್ಟಿಕೊಂಡೇ ಹತ್ತಬೇಕು. ಚನ್ನಗಿರಿಯಿಂದ ಹೊನ್ನಾಳಿಗೆ ಇಷ್ಟೇ ಹೊತ್ತು ಎಂದು ಯಾರಾದರೂ ಖಚಿತವಾಗಿ ಹೇಳಿದರೆ, ಅವರು ಮಾವನ ಜೊತೆ ಹೋದವರಲ್ಲ ಎಂದು ಧಾರಾಳವಾಗಿ ನಂಬಬಹುದು.

ಮಾವ ಮೂವತ್ತೈದು ವರ್ಷ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಮೊದಲು ಜಗಳೂರಿನ ಕಡೆ, ಆಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಂದು ದಿನಕ್ಕೆರಡು ಸಲ. ಈಗಿರುವುದು ಐದು ಸೀಟಿನ ಹಳೆಯ ಕಾರು. ಪಾಪ, ಅದಕ್ಕೂ ತಾನು ಬಸ್ಸೆಂಬ ಭ್ರಮೆ. ಬೇವಿನ ಮರ ಕಂಡರೆ ನಿಲ್ಲುತ್ತದೆ. ನಿಂತ ಮೇಲೆ ಯಾರಾದರೂ "ರೈಟ್" ಅನ್ನುವವರೆಗೆ ಹೊರಡುವುದಿಲ್ಲ. ನನ್ನ ಮದುವೆಗೆ ಬಂದಾಗ ಆ ಕಾರಿನಿಂದ ಮಾವ, ಅತ್ತೆ ಮತ್ತು ಯಾರಿಗೂ ಗುರುತಿಲ್ಲದ ಇಬ್ಬರು ಇಳಿದರು. ಗುರುತಿಲ್ಲದವರು ಉಂಡು, ಅಕ್ಷತೆ ಹಾಕಿ ಹೋದರು. ಇಬ್ಬರೋ ಒಬ್ಬರೋ, ಈಗ ಅನುಮಾನ. ದಿನಚರಿಯಲ್ಲಿ ಇಬ್ಬರು ಎಂದಿದೆ. ಆದರೆ ಆ ದಿನಚರಿ ಬರೆದವಳೂ ನಾನೇ ತಾನೆ?

ಇಂಥ ಮಾವನ ಲೈಸೆನ್ಸ್ ಅವಧಿ ಮುಗಿದು ವರ್ಷ ದಾಟಿತು. ವಯಸ್ಸು ಎಪ್ಪತ್ತರ ಹತ್ತಿರ. ಡಾಕ್ಟರ ಸರ್ಟಿಫಿಕೇಟ್ ಸಾಲದು, ಗಾಡಿ ಓಡಿಸಿಯೂ ತೋರಿಸಬೇಕು. ಸಾರಿಗೆ ಕಚೇರಿಗೆ ಹೊರಡುವ ದಿನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು.

"ಜೊತಿಗೆ ನೀನೂ ಹೋಗು. ಹೆಂಗಾದ್ರೂ ಮಾಡಿ ಫೇಲಾಗೋ ಹಂಗೆ ನೋಡ್ಕೋ."

"ನಾನಾ?"

"ಮೊನ್ನೆ ಪಕ್ಕದ ಮನೆ ಎಮ್ಮೆಗೆ ನಮಸ್ಕಾರ ಹೇಳಿ ಬಂದಾರೆ. ಗಾಡಿ ಬಿಡ್ರಿ ಅಂತ ನಾ ಹೇಳಿದ್ರೆ ಕೇಳಲ್ಲ. ಸರ್ಕಾರ ಹೇಳ್ಲಿ."

ಎಂ.ಎ. ಓದಿದವಳಿಗೆ ಸಿಕ್ಕ ಕೆಲಸ ಇದು. ಕಷ್ಟವೇನಿದೆ ಅಂದುಕೊಂಡೆ. ಕಾಗದಪತ್ರ ಸರಿಯಿದ್ದವರೇ ಮೂರು ಸಲ ವಾಪಸಾಗುವ ಜಾಗದಲ್ಲಿ ಒಬ್ಬ ಮುದುಕರನ್ನು ತಡೆಯಲು ನನ್ನ ಸಹಾಯ ಬೇಕೇ? ಆದರೆ ಒಂದು ಸಂಗತಿ ಮರೆತಿದ್ದೆ. ಮೂವತ್ತೈದು ವರ್ಷ ಬಸ್ಸು ಓಡಿಸಿದವರಿಗೆ, ಮೇಜಿನ ಆಚೆ ಕೂತವರೆಲ್ಲ ಹಳೆಯ ಪ್ರಯಾಣಿಕರು.

ಡಾಕ್ಟರು ನ್ಯಾಮತಿ ಕಡೆಯವರು. ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ ಗೋಡೆಯ ಮೇಲಿತ್ತು. ಅದನ್ನು ಮುಚ್ಚಿಕೊಂಡು ಹೋದ ವರ್ಷದ ಕ್ಯಾಲೆಂಡರು ತೂಗುತ್ತಿತ್ತು.

"ನೀವು ಆರೂವರೆ ಬಸ್ಸಿನೋರಲ್ವಾ? ನಾನು ಕಾಲೇಜಿಗೆ ಅದ್ರಾಗೇ ಬರ್ತಿದ್ದೆ."

"ದನಿ ಕೇಳಿದ ಕೂಡ್ಲೇ ಗೊತ್ತಾತು ಬಿಡಪ್ಪ. ಟಾಪ್ ಮ್ಯಾಲೆ ಕುಂತು ಟಿಕೆಟ್ ತಪ್ಪಿಸ್ತಿದ್ದೋನು."

ಡಾಕ್ಟರು ನಾಚಿ, ಮೊಬೈಲು ನೋಡುತ್ತಲೇ ಸಹಿ ಹಾಕಿದರು. ನನಗೆ ಕರ್ತವ್ಯ ನೆನಪಾಯಿತು. "ಕಣ್ಣು ನೋಡಲ್ವಾ ಡಾಕ್ಟ್ರೇ?"

"ಇಷ್ಟು ವರ್ಷ ಆದ್ಮೇಲೂ ನನ್ನ ಗುರುತು ಹಿಡಿದಾರಲ್ಲಮ್ಮ. ಇನ್ನೇನು ನೋಡಾಕೈತೆ?"

ಸಾರಿಗೆ ಕಚೇರಿಯಲ್ಲಿ ಹಳೆಯ ಲೈಸೆನ್ಸಿನ ಜೆರಾಕ್ಸ್ ಪ್ರತಿಯನ್ನು ನನ್ನ ಚೀಲದಲ್ಲೇ ಬಚ್ಚಿಟ್ಟೆ. ಒಂದು ಜೆರಾಕ್ಸಿಗಾಗಿ ಈ ದೇಶದಲ್ಲಿ ಎಂತೆಂಥವರು ಸೋತಿಲ್ಲ! ಆದರೆ ಕೌಂಟರಿನಲ್ಲಿದ್ದಾಕೆ ಹೊನ್ನಾಳಿಯವರು. "ಕುಂತ್ಕಳ್ರಿ, ನಾನೇ ಮಾಡಿಸ್ಕಂಡು ಬರ್ತೀನಿ. ನಾನು ಬಸುರಿ ಇದ್ದಾಗ ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸ್ತಿದ್ರಿ. ಮರೆತಿಲ್ಲ" ಎಂದು ಎದ್ದೇ ಹೋದರು. ನನ್ನ ಹಿಂದೆ ಸಾಲಿನಲ್ಲಿದ್ದವರು ಸರ್ಕಾರಿ ಕುರ್ಚಿಯೊಂದು ಹೀಗೆ ತಾನಾಗಿ ಖಾಲಿಯಾದದ್ದನ್ನು ಬೆರಗಿನಿಂದ ನೋಡಿದರು.

ಇನ್ಸ್‌ಪೆಕ್ಟರು ಮಾತ್ರ ಈ ಸೀಮೆಯವರಲ್ಲ. ನನಗೆ ಧೈರ್ಯ ಬಂತು. ಪರೀಕ್ಷೆಯ ಮೈದಾನದಲ್ಲಿ ಅವರು ಕಾರು ಹತ್ತಿ ಮಾವನ ಪಕ್ಕ ಕೂತು "ಹೋಗಿ" ಎಂದರು. ಮಾವ ಕದಲಲಿಲ್ಲ. "ಹೋಗಿ ಅಂದೆ." ಮಾವ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತ ಕೂತೇ ಇದ್ದರು. ಇನ್ಸ್‌ಪೆಕ್ಟರು ಪೆನ್ನು ತೆಗೆದರು. ಇನ್ನೇನು ಅತ್ತೆ ಗೆದ್ದಂತೆಯೇ ಅನ್ನುವಾಗ ಮೈದಾನದ ಅಂಚಿನಿಂದ ಯಾರೋ "ರೈಟ್" ಎಂದು ಕೂಗಿದರು.

ನಾನೇ! ಚಿಕ್ಕಂದಿನ ಅಭ್ಯಾಸ, ಬಾಯಿ ಕೇಳಬೇಕಲ್ಲ.

ಕಾರು ಹೊರಟಿತು. ಮೈದಾನದಾಚೆ ಮರ ಕಂಡು ನಿಂತಿತು. ಮರದಡಿ ಚೀಲ ಹಿಡಿದು ನಿಂತಿದ್ದ ಹೆಂಗಸು ಏನೂ ಕೇಳದೆ ಹಿಂದಿನ ಸೀಟು ಹತ್ತಿ, ತಾನೇ "ರೈಟ್" ಅಂದಳಂತೆ. ಪರೀಕ್ಷೆಯ ಉಳಿದ ಭಾಗವನ್ನು ಮೂವರೂ ಸೇರಿ ಮುಗಿಸಿದರು. "ಇಷ್ಟು ಮೆತ್ತಗೆ ಬ್ರೇಕ್ ಹಾಕೋರನ್ನ ನಾನು ನೋಡೇ ಇಲ್ಲ" ಎನ್ನುತ್ತ ಇನ್ಸ್‌ಪೆಕ್ಟರು ಪಾಸು ಮಾಡಿದರು.

ಬರುವಾಗ ಕಾಯಿದೆಗೆ ಹೆದರಿ ನನಗೆ ಓಡಿಸಲು ಬಿಟ್ಟಿದ್ದ ಮಾವ, ವಾಪಸ್ಸಿಗೆ ಕೀ ಕಸಿದುಕೊಂಡರು. ಅತ್ತೆಗೆ ಏನು ಹೇಳುವುದೆಂದು ನಾನು ಪದ ಹುಡುಕುತ್ತಿದ್ದೆ. ಕತ್ತಲಗೆರೆ ಹತ್ತಿರ, ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಗಹಾಕಿದ್ದರು. ಮಾವ ಬಹಳ ದೂರದಲ್ಲೇ ಕಾರು ನಿಲ್ಲಿಸಿದರು. ಅಲ್ಲಿ ಮರವೂ ಇರಲಿಲ್ಲ.

"ಮುಂದೆ ಹಳದಿ ಕಾಣ್ತೈತೆ. ಜೋಳನಾ?"

"ಹೂಂ ಮಾವ."

"ಬರೇ ಜೋಳನಾ? ಮನುಷ್ಯರು ಯಾರಾದ್ರೂ ಅದಾರಾ ನೋಡು."

ಜೋಳದ ನಡುವೆ, ನಮಗೆ ಬೆನ್ನು ಹಾಕಿ, ಹಳದಿ ಸೀರೆಯ ಹೆಂಗಸೊಬ್ಬಳು ಕುಕ್ಕರಗಾಲಿನಲ್ಲಿ ಕೂತು ಕೈಯಾಡಿಸುತ್ತಿದ್ದಳು.

"ಒಬ್ರು ಅದಾರೆ" ಎಂದೆ.

ಮಾವ ಎಂಜಿನ್ ಆರಿಸಿದರು. ಆಮೇಲೆ ಇಳಿದು, ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದರು.

"ಇಳಿಯವ್ವ. ನೀ ಓಡ್ಸು."

"ಮನೆ ತನಕಾನಾ ಮಾವ?"

"ಇನ್ಮ್ಯಾಲೆ."

ಪಕ್ಕದ ಸೀಟಿನಲ್ಲಿ ಕೂತವರು ರಸ್ತೆ ನೋಡಲಿಲ್ಲ. "ನಿಮ್ಮತ್ತೆಗೆ ಹೇಳು, ಪಾಸಾದ್ರು ಅಂತ. ಗಾಡಿ ಬಿಟ್ಟಿದ್ದು ಅವರಾಗೇ ಅಂತ ಹೇಳು."

ನಾನು ಕಾರನ್ನು ನಿಧಾನವಾಗಿ ಪಕ್ಕಕ್ಕೆ ತೆಗೆದೆ. ಜೋಳದ ನಡುವಿನ ಹೆಂಗಸು ತಲೆ ಎತ್ತಿಯೂ ನೋಡಲಿಲ್ಲ.