ನನ್ನ ಅಕ್ಕನ ಅಪ್ಪಣೆ ಕೇಳಿದ ಆಪ್ತಸಮಾಲೋಚಕರಿಗೆ

ಮಾನ್ಯರೇ,

ಊರವರ ಮನಸ್ಸಿನ ಗಂಟು ಬಿಡಿಸುವ ತಮಗೆ, ಊರವರ ಮೂಗಿನ ಮೇಲೆ ಕನ್ನಡಕ ಕೂರಿಸಿ ಹೊಟ್ಟೆ ಹೊರೆಯುವ ನನ್ನ ಸಾವಿರ ನಮಸ್ಕಾರಗಳು. ಈ ದೂರಿನಲ್ಲಿ ತಪ್ಪಿದ್ದರೆ ಕ್ಷಮಿಸಬೇಕು. ಇಲ್ಲದಿದ್ದರೆ ತಾವೇ ಕ್ಷಮೆ ಕೇಳಿದರೂ ನಡೆದೀತು.

'ಅವರವರ ಸಂಸ್ಕೃತಿ ಅರಿತು ಆಪ್ತಸಲಹೆ' ಎಂಬ ಬೋರ್ಡು ನೋಡಿಯೇ ನಾನು ತಮ್ಮ ಮೆಟ್ಟಿಲು ಹತ್ತಿದ್ದು. ನನಗೆ ತವರಿನದೊಂದು ಭಾಷೆ, ಗಂಡನ ಮನೆಯದೊಂದು, ಅಂಗಡಿಯಲ್ಲಿ ಮೂರನೆಯದು. ಅತ್ತೆಗೆ ನಾನು ಇಂದಿಗೂ 'ಆ ಕಡೆಯವಳು'. ಇತ್ತ, ತಾಯಿಯಿಲ್ಲದ ನನ್ನನ್ನು ಸಾಕಿದ ಅಕ್ಕ, ನನ್ನ ಮಗಳು ಫೋನಿನಲ್ಲಿ ಅಪ್ಪನ ಭಾಷೆಯಲ್ಲಿ ಉತ್ತರ ಕೊಟ್ಟಳೆಂಬ ಒಂದೇ ಕಾರಣಕ್ಕೆ, "ನೀನು ಅವರವಳಾಗ್ಬಿಟ್ಟೆ ಬಿಡು" ಎಂದು ವರ್ಷವಿಡೀ ಮಾತು ಬಿಟ್ಟಿದ್ದಳು. ಅತ್ತ ದರಿ ಇತ್ತ ಪುಲಿಯಾಗಿದ್ದ ನನಗೆ ಅಕ್ಕ ಬೇಕಾಗಿದ್ದಳು, ಅಷ್ಟೇ.

ತಮ್ಮ ಸೂಕ್ಷ್ಮತೆಯನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮವರು ನೆಲದ ಮೇಲೆ ಕೂರುತ್ತಾರೆಂದು ಎಲ್ಲೋ ಓದಿ, ಮಂಡಿನೋವಿನ ನನಗಾಗಿ ಕುರ್ಚಿಗಳನ್ನೆಲ್ಲ ಹೊರಗಿಡಿಸಿದಿರಿ. ನಮ್ಮಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಅಗೌರವವೆಂದು ತಿಳಿದು, ನನಗೆ ಹೇಳಬೇಕಾದ ಸಮಾಧಾನವನ್ನೆಲ್ಲ ಕಿಟಕಿಗೆ ಹೇಳಿದಿರಿ. ನಾನು ಸೀನಿದಾಗ ನಮ್ಮ ಸಂಪ್ರದಾಯದಲ್ಲಿ ಅದಕ್ಕೇನರ್ಥವೆಂದು ವಿನಯದಿಂದ ವಿಚಾರಿಸಿದಿರಿ. ನೆಗಡಿ ಎಂದೆ, ಬರೆದುಕೊಂಡಿರಿ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ನಮ್ಮಲ್ಲಿ ಹಿರಿಯರ ಮಾತಿಲ್ಲದೆ ಹುಲ್ಲುಕಡ್ಡಿಯೂ ಅಲುಗಾಡದೆಂದು ನಂಬಿದ ತಾವು, ಆಪತ್ಕಾಲಕ್ಕಿರಲಿ ಎಂದು ನಾನು ಕೊಟ್ಟಿದ್ದ ನಂಬರಿಗೆ ಫೋನು ಮಾಡಿ, ನನ್ನ ಮನಸ್ಸನ್ನು ಸರಿಪಡಿಸಲು ಅಕ್ಕನ ಅಪ್ಪಣೆ ಬೇಡಿದಿರಿ! ಮರುವಾರವೇ ಬಸ್ಸಿಳಿದು ಬಂದ ಅಕ್ಕ, ನೆಲದ ಮೇಲೆ ಕಾಲು ಮಡಿಸಲಾರದೆ ಒದ್ದಾಡುತ್ತಿದ್ದ ನನ್ನನ್ನು ಕಂಡವಳೇ, "ಇವಳಿಗೆ ಮಂಡಿನೋವು, ಒಂದು ಕುರ್ಚಿ ಕೊಡೋಕೂ ಆಗಲ್ವೇನ್ರೀ ನಿಮಗೆ?" ಎಂದು ತಮ್ಮನ್ನು ತರಾಟೆಗೆ ತೆಗೆದುಕೊಂಡಳು. ಮಾತು ಬಿಟ್ಟವಳು ನನ್ನ ಮಂಡಿಯನ್ನು ಮರೆತಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಅವಳಿಗೂ. ಇದು ನಮ್ಮ ಕಡೆಯ ಆಚರಣೆಯಿರಬೇಕೆಂದು ತಾವು ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿರಿ.

ದೂರು ಇರುವುದು ಇನ್ನು ಮುಂದೆ. ಹಿರಿಯರಿಗೆ ಆದ್ಯತೆ ಎಂದು ನನ್ನ ಶನಿವಾರದ ಸರದಿಯನ್ನು ತಾವು ಅಕ್ಕನಿಗೇ ಕೊಟ್ಟಿದ್ದೀರಿ. ಅವಳು ಪ್ರತಿವಾರ ಬಂದು, ತಮ್ಮೆದುರು ನನ್ನ ಮೇಲೆ ಚಾಡಿ ಹೇಳಿ, ಹಗುರಾಗಿ ನಮ್ಮ ಮನೆಗೆ ಬಂದು ಎರಡು ದಿನ ಠಿಕಾಣಿ ಹೂಡುತ್ತಾಳೆ. ಆದ್ದರಿಂದ ನನ್ನ ಸರದಿಯನ್ನು ನನಗೆ ಮರಳಿಸಬೇಕೆಂದೂ, ಸಾಧ್ಯವಾದರೆ ಅಕ್ಕನ ಗಂಟಲನ್ನು ಅರ್ಧಕ್ಕೆ ಇಳಿಸಿಕೊಡಬೇಕೆಂದೂ, ನಮ್ಮವರ ಬಗ್ಗೆ ಪುಸ್ತಕ ಓದುವ ಮುನ್ನ ಎದುರಿಗಿರುವ ನನ್ನನ್ನೇ ಒಂದು ಮಾತು ಕೇಳಬೇಕೆಂದೂ ಪ್ರಾರ್ಥನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕನ್ನಡಕದಂಗಡಿಯವಳು

ಮರೆತ ಮಾತು: ಇದೀಗ ಅಡುಗೆಮನೆಯಲ್ಲಿ ಅತ್ತೆಯೂ ಅಕ್ಕನೂ, ಇಬ್ಬರಿಗೂ ನೆಟ್ಟಗೆ ಬಾರದ ಮೂರನೆಯ ಭಾಷೆಯಲ್ಲಿ, ನನ್ನನ್ನು ಒಟ್ಟಾಗಿ ಬೈಯುತ್ತಿದ್ದಾರೆ. "ನಮ್ಮವಳಿಗೆ ವ್ಯವಹಾರ ತಿಳಿಯಲ್ಲ" ಎನ್ನುತ್ತಾರೆ ಅತ್ತೆ. "ನಮ್ಮವಳು ಮೊದಲಿಂದ್ಲೂ ಹಾಗೇ" ಎನ್ನುತ್ತಾಳೆ ಅಕ್ಕ. ದಯವಿಟ್ಟು ಇದೊಂದನ್ನು ಮಾತ್ರ ತಾವು ಗುಣಪಡಿಸಲು ಬರಬೇಡಿ.