ನನ್ನ ಹೆಸರಿಗೊಂದು ಬಾಲ

ನಮ್ಮ ಷಡ್ಡಕನ ಹೆಸರನ್ನು ನಾನು ಖಂಡಿತ ಬರೆಯುವುದಿಲ್ಲ. ಬರೆದರೆ ಅದು ಇನ್ನೂ ಹರಡುತ್ತೆ! ಈಗಾಗಲೇ ಹರಡಿರುವುದೇ ನನ್ನ ಹೊಟ್ಟೆ ಉರಿಸಲು ಸಾಕು.

ಸೊರಬದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತನಾದ ಮನುಷ್ಯ. ಶಿಕಾರಿಪುರದ ನಮ್ಮ ಮನೆಗೆ ಬಂದರೆ ಕಾಲು ತೊಳೆಯುವ ಮೊದಲೇ ಪಾಠ ಶುರು. "ಬಣಕಾರ್ರೇ, ಇಂಗ್ಲಿಷಿನವರು ದೊಡ್ಡ ಲೇಖಕ ಅನ್ನಿಸಿದರೆ ಅವನ ಮನೆತನದ ಹೆಸರಿಗೇ ಬಾಲ ಹಚ್ಚಿ ವಿಶೇಷಣ ಮಾಡ್ತಾರೆ. ಕಾರಣ ಹೇಳದೆ ಅಲೆದಾಡಿಸೋ ಕಚೇರಿಗೆ ಒಬ್ಬನ ಹೆಸರು, ಹೊಗೆ ಹಿಡಿದ ಬಡವರ ಗಲ್ಲಿಗೆ ಇನ್ನೊಬ್ಬನ ಹೆಸರು. ಪುಸ್ತಕ ಓದದವರ ಬಾಯಲ್ಲೂ ಓಡಾಡುತ್ತೆ ನೋಡ್ರೀ!"

ನಾಲ್ಕು ಪುಸ್ತಕ ಬರೆದವನು ನಾನು. ಆಸೆ ಹುಟ್ಟದೆ ಇರುತ್ತಾ? "ಹಾಗಾದರೆ ಬಣಕಾರೀಯ ಅಂತ...?" ಎಂದೆ ಮೆಲ್ಲಗೆ.

"ಅದನ್ನ ನೀವು ಹೇಳಬಾರದು ರೀ. ಜನ ಹೇಳಬೇಕು."

ಜನ ಯಾರದ್ದು ಹೇಳಿದರು ಗೊತ್ತಾ? ಅವನದ್ದು! ಒಂದು ಸಾಲು ಬರೆದವನಲ್ಲ ಆಸಾಮಿ. ಅವನ ಸಾಧನೆ ಏನಪ್ಪಾ ಅಂದರೆ, ಫೋಟೊ ತೆಗೆಯುವಾಗ ಬೆನ್ನು ತೋರಿಸಿ ನಿಲ್ಲುವುದು. "ಮುಖ ಎಲ್ಲರೂ ನೋಡಿದ್ದೇ. ಬೆನ್ನನ್ನ ಯಾರು ವಿಚಾರಿಸ್ತಾರೆ?" ಅನ್ನುತ್ತಾನೆ. ಸರಿ, ಸೊರಬದ ಫೋಟೊಗ್ರಾಫರ್ ಮದುವೆ ಮನೆಗಳಲ್ಲಿ ಅವನ ಹೆಸರಿಗೆ ಬಾಲ ಹಚ್ಚಿ, "ಆ ಪೋಸ್ ಬೇಡ, ಈ ಕಡೆ ತಿರುಗ್ರಿ" ಅನ್ನತೊಡಗಿದ. ಗುಡವಿ ಪಕ್ಷಿಧಾಮಕ್ಕೆ ಹೋದರೆ, ನಮಗೆ ಬೆನ್ನು ಹಾಕಿ ಕೂತ ಕೊಕ್ಕರೆಗೂ ಯಾರೋ ಗುರುತಿಲ್ಲದ ಹೆಂಗಸು ಅದೇ ಪದ ಅನ್ನಬೇಕೇ! ಕೊಕ್ಕರೆಯ ಮೇಲೂ ನನಗೆ ಸಿಟ್ಟು ಬಂತು.

ನಾನೂ ಸುಮ್ಮನಿರಲಿಲ್ಲ. ಮಂಡಕ್ಕಿ ಕಲಸಿ, "ಇದು ಬಣಕಾರೀಯ ಮಂಡಕ್ಕಿ" ಎಂದು ನೆಂಟರ ಮುಂದಿಟ್ಟೆ. ಹೆಂಡತಿ ಬಾಯಿಗೆ ಹಾಕಿಕೊಂಡವಳೇ, "ಉಪ್ಪು ಮರೆತರೆ ಹಂಗಂತಾರೇನ್ರೀ?" ಅಂದಳು. ಈ ಸಂಕಟವನ್ನೆಲ್ಲ ಯಾರ ಮೇಲೆ ತೀರಿಸಿಕೊಳ್ಳಲಿ? ಸೊರಬಕ್ಕೆ ಹೋದಾಗಲೆಲ್ಲ ಅವನ ಜತೆ ಜಗಳ ತೆಗೆಯುತ್ತಿದ್ದೆ. ಅರ್ಧ ಊಟಕ್ಕೆ ಎದ್ದು ಬಂದಿದ್ದೂ ಉಂಟು.

ಹೋದ ತಿಂಗಳು ಅವನಿಗೆ ಲಕ್ವ ಹೊಡೆಯಿತು. ಅಷ್ಟು ಮಾತಾಡುವ ಮನುಷ್ಯನ ಮಾತೇ ಬಿದ್ದುಹೋಯಿತು. ಓಡಿದೆ. ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದವನು ನನ್ನನ್ನು ಕಂಡು ತೊದಲಿದ: "ಬ... ಣ... ಕಾರೀಯ."

ನಾನು ನಾದಿನಿಯ ಮುಖ ನೋಡಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದು ನಮ್ಮನೇಲಿ ಹಳೇ ಮಾತು, ಭಾವ. ಬಂದೋರು ಜಗಳ ಆಡಿ ಎದ್ದುಹೋಗಿ, ಗೇಟಿನ ಹತ್ರ ತಿರುಗಿ ತಿರುಗಿ ನೋಡಿದ್ರೆ ಇವರು ಹಂಗಂತಿದ್ರು. ನಿಮಗೆ ಮಾತ್ರ ಹೇಳಬೇಡ ಅಂದಿದ್ರು. ಗೊತ್ತಾದ್ರೆ ತಿರುಗಿ ನೋಡೋದು ಬಿಟ್ಟುಬಿಡ್ತೀರಂತೆ."

ಹೊರಟಾಗ ನೆಟ್ಟಗೆ ಹೋಗಿಬಿಡಬೇಕು ಅಂದುಕೊಂಡೆ. ಆಗಲಿಲ್ಲ. ಗೇಟಿನ ಹತ್ತಿರ ತಿರುಗಿದೆ. ಜನ್ಮದಲ್ಲಿ ಕ್ಯಾಮೆರಾಗೆ ಮುಖ ಕೊಡದವನು, ಕಿಟಕಿಯಲ್ಲಿ ನನ್ನ ಕಡೆಗೇ ಮುಖ ಮಾಡಿ ಕೂತಿದ್ದ.